ಗಂಡನ ಐರಿಶ್ ಅಜ್ಜನ ಬದುಕನ್ನು ಬರೆದಿಡಬೇಕು: ಡಿಎನ್‌ಎ ಟೆಸ್ಟ್ ಮೊದಲಾ, ಐರ್ಲೆಂಡ್ ಪ್ರವಾಸ ಮೊದಲಾ?

ಎರಡೂ ಬೇಡ. ಆ ಕುಟುಂಬದಲ್ಲಿ ಈಗ ಬದುಕಿರುವವರಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರಿಗೆ ಮೊದಲು ಫೋನ್ ಮಾಡಿ. ನಾನೂ ನಿಮ್ಮ ಹಾಗೆ ಅಮೆರಿಕದ ಐರಿಶ್ ಮನೆಯ ಸೊಸೆ. ಮಕ್ಕಳಿಗೆ ಅವರ ಮುತ್ತಜ್ಜನ ಕಥೆ ಉಳಿಯಲಿ ಅಂತ ಹೊರಟವಳು. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ ಎಲ್ಲಿಸ್ ಐಲೆಂಡಿನಲ್ಲಿ ನಿಮ್ಮ ಅಜ್ಜನ ಹೆಸರನ್ನು ಕತ್ತರಿಸಿದರು ಅಂತ ಬರೆದಿದ್ದೀರಿ, ಆ ಮಾತಿಗೂ ಬರುತ್ತೇನೆ.

ನಮ್ಮ ಅಜ್ಜ 1927ರಲ್ಲಿ ಐರ್ಲೆಂಡಿನ ಕೆರಿ ಕೌಂಟಿಯಿಂದ ಹೊರಟು, ಕೋವ್ ಬಂದರಿನಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದವರು. ಮನೆತನದ ಹೆಸರು ಸಲಿವನ್. ಸಬ್‌ವೇಯಲ್ಲಿ, ಅಂದರೆ ನೆಲದಡಿಯ ರೈಲಿನಲ್ಲಿ ಕೆಲಸ. ಆಗ ಅಲ್ಲಿ ಐರಿಶ್ ಕೆಲಸಗಾರರೇ ಜಾಸ್ತಿ. 1934ರಲ್ಲಿ ಶುರುವಾದ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಯೂನಿಯನ್ನಿನ ನಾಯಕ ಮೈಕ್ ಕ್ವಿಲ್ ಕೂಡ ಕೆರಿಯವರೇ. ಆ ಯೂನಿಯನ್ ಕಾರ್ಡು ಕೊನೆಯವರೆಗೂ ಅಜ್ಜನ ಪರ್ಸಿನಲ್ಲಿತ್ತಂತೆ.

ಎಲ್ಲಿಸ್ ಐಲೆಂಡಿನ ಅಧಿಕಾರಿ ಅಜ್ಜನ ಹೆಸರನ್ನು ಕತ್ತರಿಸಿದ ಅಂತ ಬರೆದಿದ್ದೀರಲ್ಲ, ನಮ್ಮ ಮನೆಯಲ್ಲೂ ಅದೇ ಮಾತು. ಓಸಲಿವನ್ ಇದ್ದದ್ದು ಸಲಿವನ್ ಆಯಿತು ಅಂತ. ನಾನು ನಂಬಿದೆ, ಎಡವಿದ್ದು ಅಲ್ಲೇ. ಅಲ್ಲಿನ ಅಧಿಕಾರಿಗಳು ಹೆಸರು ಬರೆಯುತ್ತಲೇ ಇರಲಿಲ್ಲ. ಹಡಗು ಹೊರಡುವ ಊರಿನಲ್ಲೇ ಕಂಪನಿಯವರು ಪಟ್ಟಿ ಮಾಡುತ್ತಿದ್ದರು, ದ್ವೀಪದ ಅಧಿಕಾರಿಗಳು ಅದನ್ನು ನೋಡಿ ಪ್ರಶ್ನೆ ಕೇಳುತ್ತಿದ್ದರು, ಅಷ್ಟೆ. ಅಮೆರಿಕದ 1924ರ ವಲಸೆ ಕಾನೂನು ಬಂದ ಮೇಲಂತೂ ವೀಸಾ ತಪಾಸಣೆ ಐರ್ಲೆಂಡಿನಲ್ಲೇ ಮುಗಿಯುತ್ತಿತ್ತು, ಹೆಚ್ಚಿನವರು ಆ ದ್ವೀಪಕ್ಕೆ ಕಾಲಿಡಲೇ ಇಲ್ಲ. ‘ಓ’ ಹೋಗಿದ್ದು ಅದಕ್ಕೂ ಎಷ್ಟೋ ತಲೆಮಾರು ಹಿಂದೆ, ಬ್ರಿಟಿಷರ ಆಳ್ವಿಕೆಯಲ್ಲಿ, ಐರ್ಲೆಂಡಿನ ನೆಲದಲ್ಲೇ. ಆಮೇಲೆ ಕೆಲವರು ವಾಪಸ್ ಸೇರಿಸಿಕೊಂಡರು, ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ಓಸಲಿವನ್, ತಮ್ಮ ಸಲಿವನ್ ಇರಬಹುದು. ಇದೇನೂ ತಿಳಿಯದೆ ನಾನು ತಿಂಗಳುಗಟ್ಟಲೆ ಓಸಲಿವನ್‌ಗಳನ್ನೇ ಹುಡುಕಿದೆ. ಕೆರಿಯಲ್ಲಿ ಆ ಹೆಸರಿನವರಿಗೆ ಲೆಕ್ಕವೇ ಇಲ್ಲ. ಯಾರದೋ ಅಪ್ಪ ಅಮ್ಮನನ್ನು ನಮ್ಮವರೆಂದು ವಂಶವೃಕ್ಷದಲ್ಲಿ ಕೂರಿಸಿದೆ.

ಅಷ್ಟು ಹೊತ್ತೂ ಅಜ್ಜನ ತಂಗಿ ಬದುಕಿದ್ದರು. ತೊಂಬತ್ತು ದಾಟಿತ್ತು, ಮಾತು ಸ್ಪಷ್ಟವಾಗಿತ್ತು. ಎಲ್ಲ ಪೂರ್ತಿ ಮಾಡಿ ಒಂದೇ ಸಲ ತೋರಿಸೋಣ ಅಂತ ನಾನು ಕಾದೆ. ಅವರು ತೀರಿಕೊಂಡರು.

ಸಲಿವನ್‌ಗಳು ಅಷ್ಟೊಂದು ಜನ ಇರುವುದರಿಂದ ಕೆರಿಯಲ್ಲಿ ಒಂದೊಂದು ಕವಲಿಗೂ ಒಂದು ಅಡ್ಡಹೆಸರು ಇರುತ್ತದೆ, ನಮ್ಮ ಹಳ್ಳಿಗಳಲ್ಲಿ ಮೇಲಿನಮನೆಯವರು, ಕೆಳಗಿನಮನೆಯವರು ಅನ್ನುವ ಹಾಗೆ. ನಮ್ಮವರ ಅಡ್ಡಹೆಸರು ಅಜ್ಜನ ತಂಗಿಗೆ ಗೊತ್ತಿತ್ತು. ಈಗ ಯಾರಿಗೂ ಗೊತ್ತಿಲ್ಲ, ಯಾವ ಕಾಗದದಲ್ಲೂ ಇಲ್ಲ.

ಕಾಗದಗಳು ಎಲ್ಲೂ ಓಡಿಹೋಗುವುದಿಲ್ಲ. 1924 ಜುಲೈಯಿಂದ 1944 ಮಾರ್ಚ್‌ವರೆಗೆ ಬಂದವರ ವೀಸಾ ಫೈಲುಗಳು ಅಮೆರಿಕದ ವಲಸೆ ಇಲಾಖೆಯಲ್ಲಿವೆ, ಹಣ ಕಟ್ಟಿ ಅರ್ಜಿ ಹಾಕಬೇಕು. ಅಜ್ಜನ ಫೈಲಿನಲ್ಲಿ ಇಪ್ಪತ್ತರ ಹುಡುಗನ ಫೋಟೋ, ಜನನ ಪತ್ರ, ಅಪ್ಪ ಅಮ್ಮನ ಹೆಸರು ಎಲ್ಲ ಇತ್ತು. ಹೆಸರು ಸಲಿವನ್ ಅಂತಲೇ! ಅದನ್ನು ಹಿಡಿದು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಉಚಿತವಾಗಿ ಹಾಕಿರುವ 1911ರ ಜನಗಣತಿ ತೆಗೆದೆ. ನಾಲ್ಕು ವರ್ಷದ ಅಜ್ಜ ಅಲ್ಲಿದ್ದರು. ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಉಳಿದಿವೆ ಅಂತ ಗಂಡನಿದ್ದ ಹೆಂಗಸರನ್ನು ಆ ವರ್ಷ ಕೇಳಿದ್ದರು. ಅಜ್ಜನ ತಾಯಿ ಹೆತ್ತದ್ದು 9, ಉಳಿದದ್ದು 6. ಆ ಸಾಲಿನ ಮುಂದೆ ತುಂಬಾ ಹೊತ್ತು ಕೂತಿದ್ದೆ. ಅಂದಹಾಗೆ, 1901ರ ಜನಗಣತಿಗೂ 1911ರ ಜನಗಣತಿಗೂ ನಡುವೆ ಮುದುಕರ ವಯಸ್ಸು ಹದಿನೈದು ವರ್ಷ ಏರಿದ್ದರೆ ಬೇರೆಯವರು ಅಂದುಕೊಳ್ಳಬೇಡಿ. 1909ರಿಂದ 70 ಆದವರಿಗೆ ಪಿಂಚಣಿ ಶುರುವಾಗಿತ್ತು, ತುಂಬಾ ಜನರ ವಯಸ್ಸು ಹಾಗೆ ಏರಿದೆ.

ಡಿಎನ್‌ಎ ಟೆಸ್ಟ್ ‘ನೀವು ಐರಿಶ್’ ಅನ್ನುತ್ತದೆ, ಅದು ನಿಮಗೆ ಗೊತ್ತೇ ಇದೆ ಅಲ್ವಾ? ದೂರದ ನೆಂಟರು ಸಿಗಬಹುದು, ಆದರೆ ಅಜ್ಜನ ಜೊತೆ ಊಟ ಮಾಡಿದವರು ಅವರಲ್ಲ. ಊರಿನ ಹೆಸರೇ ಗೊತ್ತಿಲ್ಲದೆ ಪ್ರವಾಸ ಹೋದರೆ ಸುಮ್ನೆ ಗುಡ್ಡ ನೋಡಿ ಬರುತ್ತೀರಿ.

ಈ ಭಾನುವಾರವೇ ಫೋನ್ ಮಾಡಿ, ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಕೇಳಿ. ಹುಟ್ಟಿದ ದಿನಾಂಕ ಕೇಳಬೇಡಿ, ಅದು ಕಾಗದದಲ್ಲಿ ಸಿಗುತ್ತದೆ. ಹಡಗಿನ ಟಿಕೆಟ್ಟಿಗೆ ದುಡ್ಡು ಕಳಿಸಿದವರು ಯಾರು, ಊರಿಗೆ ಪತ್ರ ಬರೆಯುತ್ತಿದ್ದವರು ಯಾರು, ಮನೆಯನ್ನು ಊರಿನವರು ಏನಂತ ಕರೆಯುತ್ತಿದ್ದರು, ಅಜ್ಜ ಯಾರ ಜೊತೆ ಮಾತು ಬಿಟ್ಟಿದ್ದರು, ಇವನ್ನು ಕೇಳಿ.