ಓದಲು ಮನಸ್ಸಿಲ್ಲದ ಮಕ್ಕಳಿಗೆ ಬಹುಮಾನ ಕೊಟ್ಟರೆ ಸರಿಹೋಗುತ್ತಾರಾ?

ದಯವಿಟ್ಟು ಬಹುಮಾನದ ದಾರಿ ಹಿಡಿಯಬೇಡಿ. ಎಂಟನೇ ತರಗತಿ ಮಕ್ಕಳು ಗಣಿತದ ಪುಸ್ತಕವನ್ನೇ ತೆರೆಯುವುದಿಲ್ಲ, ಏನು ಕೊಟ್ಟರೆ ಹುರುಪು ಬರುತ್ತದೆ ಅಂತ ಕೇಳಿದ್ದೀರಿ. ಹಾಸನ ತಾಲೂಕಿನ ಒಂದು ಹೈಸ್ಕೂಲಿಗೆ ಗಣಿತ ಮೇಷ್ಟ್ರಾಗಿ ಹೋದಾಗ ನನ್ನ ತಲೆಯಲ್ಲೂ ಇದ್ದದ್ದು ಇದೇ.

ಹೋಮ್‌ವರ್ಕ್ ಪೂರ್ತಿ ಸರಿ ಮಾಡಿದವರಿಗೆ ಶನಿವಾರ ಜೆಲ್ ಪೆನ್ನು ಅಂದೆ. ನೋಟ್‌ಬುಕ್ ರಾಶಿ ಬಿತ್ತು. ತೆರೆದು ನೋಡಿದರೆ ಎಲ್ಲರದ್ದೂ ಒಂದೇ ಉತ್ತರ, ಒಂದೇ ತಪ್ಪು. ಕಾಪಿ ತಡೆಯಬೇಕಲ್ವಾ? ಹಾಗಾಗಿ ಬೋರ್ಡಿನ ಮೇಲೆ ಮೊದಲು ಬಿಡಿಸಿದವರಿಗೆ ಪೆನ್ನು ಅಂತ ಬದಲಾಯಿಸಿದೆ. ನಾನು ಎಡವಿದ್ದು ಅಲ್ಲೇ. ಚುರುಕಾಗಿದ್ದ ಮೂರ್ನಾಲ್ಕು ಜನರೇ ಪ್ರತಿ ವಾರ ಗೆದ್ದರು. ಉಳಿದವರು ಚಾಕ್‌ಪೀಸ್ ಮುಟ್ಟುವುದನ್ನೇ ಬಿಟ್ಟರು. ಒಬ್ಬರಿಗೆ ಪೆನ್ನು ಕೊಡುವಾಗಲೆಲ್ಲ ಮಿಕ್ಕ ಅಷ್ಟೂ ಮಕ್ಕಳಿಗೆ "ಇದು ನಿನ್ನ ಕೈಲಿ ಆಗಲ್ಲ" ಅಂತ ಹೇಳಿದ ಹಾಗಾಗುತ್ತಿತ್ತು. ಕೊನೆಗೆ ಪೆನ್ನು ನಿಲ್ಲಿಸಿದೆ. ಆಗ ಆ ಚುರುಕು ಮಕ್ಕಳೂ "ಪೆನ್ನಿಲ್ವಾ ಸಾರ್?" ಅಂತ ಕೇಳಿ ಪುಸ್ತಕ ಮುಚ್ಚಿದರು. ಇಷ್ಟಪಟ್ಟು ಲೆಕ್ಕ ಮಾಡುತ್ತಿದ್ದವರನ್ನೂ ಕೆಡಿಸಿದ್ದೆ. ಆ ವರ್ಷ ಪೂರ್ತಿ ಕೈತಪ್ಪಿತು.

ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದರು. ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಚಿತ್ರ ಬಿಡಿಸಲು ಕೂರಿಸಿದರು. ಆಮೇಲೆ ಆ ಮಕ್ಕಳು ತಾವಾಗಿಯೇ ಬಿಡಿಸುವುದು ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಆಸಕ್ತಿಯೇ ಇಲ್ಲ ಅನ್ನುವ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಸ್ಕೂಲು ಶುರುವಾಗುವುದೂ ಆಲೂಗಡ್ಡೆ ಬಿತ್ತನೆಯೂ ಒಟ್ಟಿಗೇ ಬರುತ್ತವೆ. ಬಿತ್ತನೆ ಗಡ್ಡೆ ದೂರದ ಜಲಂಧರ್‌ನಿಂದ ಬರುತ್ತದೆ, ದಾರಿಯಲ್ಲಿ ಒಂದಷ್ಟು ಕೊಳೆಯುತ್ತದೆ. ಮುಂದಿನ ವರ್ಷ ಶೇಕಡಾ ಪಾಠಕ್ಕೆ ಅದನ್ನೇ ತೆಗೆದುಕೊಂಡೆ. 50 ಕೆಜಿ ಮೂಟೆಯಲ್ಲಿ 6 ಕೆಜಿ ಕೊಳೆತರೆ ನೂರಕ್ಕೆ ಎಷ್ಟು? ಯಾವತ್ತೂ ಬಾಯಿ ಬಿಡದ ಹುಡುಗ ಕೂತಲ್ಲಿಂದಲೇ ಹೇಳಿದ: "ಎರಡು ಮೂಟೆ ಅಂದ್ರೆ ನೂರು ಕೆಜಿ ಸಾರ್. ಹನ್ನೆರಡು ಹೋಯ್ತು." ಅದನ್ನೇ ಬರೆದು ಮಾಡು ಅಂದರೆ ಕೈ ನಿಂತುಬಿಟ್ಟಿತು. ಅವನಿಗೆ ಭಾಗಾಕಾರ ಬರುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬರುತ್ತಿರಲಿಲ್ಲ. ಎಲ್ಲರೆದುರು ಅದು ಗೊತ್ತಾಗುವುದಕ್ಕಿಂತ ಸುಮ್ನೆ ಕೂತು ಬೈಸಿಕೊಳ್ಳುವುದು ಮೇಲು ಅಂತ ಅವನಿಗೆ ಅನ್ನಿಸಿತ್ತು.

ನಿಮ್ಮ ಮಕ್ಕಳಲ್ಲೂ ಇದೇ ಇರುತ್ತದೆ, ಹುಡುಕಿ. ಬೋರ್ಡಿಗೆ ಕರೆಯಬೇಡಿ. ಒಂದು ಚೀಟಿಯಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಒಂದೊಂದು ಲೆಕ್ಕ ಕೊಡಿ. ಅಂಕ ಹಾಕಬೇಡಿ, ಎಲ್ಲಿ ನಿಂತಿದ್ದಾರೆ ಅಂತಷ್ಟೇ ಗುರುತು ಮಾಡಿಕೊಳ್ಳಿ. ಆಮೇಲೆ ಬೆಂಚಿನ ಹತ್ತಿರ ಹೋಗಿ ಪಕ್ಕದಲ್ಲಿ ಕೂತು ಅಲ್ಲಿಂದಲೇ ಹೇಳಿಕೊಡಿ. ನಾಲ್ಕನೇ ಕ್ಲಾಸಿನ ಪಾಠ ಆದರೂ ಪರವಾಗಿಲ್ಲ.

ಪೋರ್ಷನ್ ಮುಗಿಯುವುದಿಲ್ಲ ಅನ್ನುವ ಹೆದರಿಕೆ ನನಗೂ ಇತ್ತು. ಆದರೆ ಭಾಗಾಕಾರ ಕೈಗೆ ಹತ್ತಿದ ಮೇಲೆ ಶೇಕಡಾ, ಲಾಭ ನಷ್ಟ, ಬಡ್ಡಿ ಎಲ್ಲವೂ ನಾನು ಅಂದುಕೊಂಡಿದ್ದಕ್ಕಿಂತ ಬೇಗ ಮುಗಿದವು.