ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ತಗೊಳ್ಳುವ ಮೊದಲು ಶಿಫ್ಟ್ ಒತ್ತಿ ನೋಡಿ

ನೀವು ಕೇಳಿದ್ದು ಇಷ್ಟು: ನುಡಿ ತಂತ್ರಾಂಶದಲ್ಲಿ ದಿನಕ್ಕೆ ಆರೇಳು ಗಂಟೆ ಕನ್ನಡ ಟೈಪ್ ಮಾಡುತ್ತೀರಿ, ಸಂಜೆಯಾಗುವಷ್ಟರಲ್ಲಿ ಎಡಗೈ ಕಿರುಬೆರಳು ಸೋತುಹೋಗಿರುತ್ತದೆ, ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಪ್ರತ್ಯೇಕ ಸ್ವಿಚ್ ಇರುವಂಥದ್ದು) ತಗೊಂಡರೆ ಸರಿಹೋಗುತ್ತದಾ, ತಗೊಳ್ಳುವುದಾದರೆ ಬ್ಲೂ, ಬ್ರೌನ್, ರೆಡ್ ಸ್ವಿಚ್‌ಗಳಲ್ಲಿ ಯಾವುದು ಅಂತ. ನಾನು ದಾವಣಗೆರೆಯಲ್ಲಿ 22 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಕೋರ್ಟ್ ಕಾಗದ, ಒಮ್ಮೊಮ್ಮೆ ಮುನ್ನೂರು ಪುಟದ ಪುಸ್ತಕ. ನನ್ನ ಉತ್ತರ: ಅಕ್ಷರಗಳಿಗೆ ಬ್ರೌನ್, ಎರಡೂ ಶಿಫ್ಟ್‌ಗೆ ರೆಡ್. ಹೀಗೆ ಬೆರೆಸಿ ಹಾಕಿಕೊಂಡವರು ಕಡಿಮೆ, ಅದಕ್ಕೇ ಕಾರಣ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೀಬೋರ್ಡ್ ಬಗ್ಗೆ ನಾವು ಓದುವ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಟೈಪ್ ಮಾಡುವವರು, ಇಲ್ಲ ಗೇಮ್ ಆಡುವವರು ಬರೆದದ್ದು. ಇಂಗ್ಲಿಷ್‌ನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಶುರುವಿಗೆ, ಹೆಸರುಗಳಿಗೆ. ಅಷ್ಟೇ. ನಮ್ಮ ಲೆಕ್ಕವೇ ಬೇರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇದೆಯಲ್ಲ, ನುಡಿಯಲ್ಲಿ ನಾವು ಬಳಸುವುದು ಅದನ್ನೇ. ಅದರಲ್ಲಿ ದೀರ್ಘ ಬಂದರೆ ಶಿಫ್ಟ್, ಮಹಾಪ್ರಾಣ ಬಂದರೆ ಶಿಫ್ಟ್, ಸೊನ್ನೆಗೆ ಶಿಫ್ಟ್ ಜೊತೆ ಎಮ್, ಳಕಾರಕ್ಕೆ ಶಿಫ್ಟ್ ಜೊತೆ ಎಲ್. ಕನ್ನಡದಲ್ಲಿ ಬಹುವಚನ ಅಂದರೆ ಹೆಚ್ಚಾಗಿ 'ಗಳು'. ಅಂದಮೇಲೆ ಒಂದು ಪುಟದಲ್ಲಿ ಎಷ್ಟು ಸಲ ಶಿಫ್ಟ್‌ಗೆ ಹೋಗುತ್ತೀರಿ ನೀವೇ ಎಣಿಸಿ ನೋಡಿ.

'ಬೆಂಗಳೂರು' ಅಂತ ಬರೆಯಿರಿ. ಬಿ, ಇ, ಶಿಫ್ಟ್ ಎಮ್, ಜಿ, ಶಿಫ್ಟ್ ಎಲ್, ಶಿಫ್ಟ್ ಯು, ಆರ್, ಯು. ಎಂಟು ಹೊಡೆತದಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಎಮ್, ಎಲ್, ಯು ಮೂರೂ ಬಲಗೈ ಕೀಗಳು, ಹಾಗಾಗಿ ಸರಿಯಾಗಿ ಟೈಪಿಂಗ್ ಕಲಿತವರು ಮೂರು ಸಲವೂ ಎಡಗೈ ಕಿರುಬೆರಳಿನಿಂದಲೇ ಶಿಫ್ಟ್ ಒತ್ತುತ್ತಾರೆ. ಐದು ಬೆರಳಲ್ಲಿ ಬಡಪಾಯಿ ಬೆರಳು ಅದು. ನಿಮ್ಮ ನೋವಿನ ಮೂಲ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ, ಯಾಕಂದರೆ ನನಗೂ ಅಲ್ಲೇ ಶುರುವಾಗಿತ್ತು. (ನೋವು ರಾತ್ರಿಯೂ ಬಿಡದಿದ್ದರೆ, ಬೆರಳು ಜೋಮು ಹಿಡಿದರೆ, ಕೀಬೋರ್ಡ್ ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಹೋಗಿ.)

ಇನ್ನೊಂದು ಕೀ ಎಫ್. ಒತ್ತಕ್ಷರ ಬಂದಾಗಲೆಲ್ಲ ಅದು ಬೇಕು. 'ಪುಸ್ತಕಗಳನ್ನು' ಅನ್ನುವ ಒಂದೇ ಪದದಲ್ಲಿ ಎಫ್ ಎರಡು ಸಲ ಬರುತ್ತದೆ. ಪುಣ್ಯಕ್ಕೆ ಅದು ಎಡಗೈ ತೋರುಬೆರಳು ಕೂರುವ ಜಾಗದಲ್ಲೇ ಇದೆ, ಮೇಲೆ ಸಣ್ಣ ಗೀರೂ ಇರುತ್ತದೆ, ಕಣ್ಣಿಂದ ಹುಡುಕುವ ಕೆಲಸವಿಲ್ಲ. ಆದರೆ ಈ ಕೀ ಕೈಕೊಟ್ಟರೆ ಮಾತ್ರ ಕಷ್ಟ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಪದ ಕುಂಟುತ್ತದೆ, ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಎಫ್ ಬೀಳದಿದ್ದರೆ 'ಕನ್ನಡ' ಹೋಗಿ 'ಕನನಡ' ಆಗುತ್ತದೆ. ವೇಗವಾಗಿ ಓದುವಾಗ ಕಣ್ಣು ಅದನ್ನು ದಾಟಿಕೊಂಡೇ ಹೋಗುತ್ತದೆ.

ನನಗೆ ಹೀಗೇ ಆಗಿತ್ತು. ಅಂಗಡಿಯಲ್ಲಿದ್ದದ್ದು ಸಾಮಾನ್ಯ ರಬ್ಬರ್ ಕೀಬೋರ್ಡ್, ಮೆಂಬ್ರೇನ್ ಅನ್ನುತ್ತಾರಲ್ಲ ಅದು. ಅದರಲ್ಲಿ ಪ್ರತಿ ಕೀ ಕೆಳಗೆ ರಬ್ಬರಿನ ಒಂದು ಪುಟ್ಟ ಗುಮ್ಮಟ ಇರುತ್ತದೆ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಗಳು. ಗುಮ್ಮಟ ಪೂರ್ತಿ ಕುಸಿದು ಮೇಲಿನ ಹಾಳೆ ಕೆಳಗಿನದಕ್ಕೆ ತಾಗಿದರೆ ಮಾತ್ರ ಅಕ್ಷರ ಬೀಳುತ್ತದೆ. ಅಂದರೆ ಪ್ರತಿ ಸಲವೂ ತಳ ಮುಟ್ಟುವ ತನಕ ಒತ್ತಲೇಬೇಕು. ಎರಡು ವರ್ಷಕ್ಕೆ ಜಾಸ್ತಿ ಬಳಸುವ ಕೀಗಳ ರಬ್ಬರ್ ದಣಿಯಿತು, ಉಳಿದವು ಹಾಗೇ ಗಟ್ಟಿ. ಎಫ್ ಒಂದು ಥರ, ಪಕ್ಕದ ಜಿ ಇನ್ನೊಂದು ಥರ. ಬೆರಳಿಗೆ ಒತ್ತಿದ ಅನುಭವ ಆಗುತ್ತಿತ್ತು, ಅಕ್ಷರ ಬಿದ್ದಿರುತ್ತಿರಲಿಲ್ಲ. ಒಂದು ಸಲ ಲಗ್ನಪತ್ರಿಕೆಯಲ್ಲಿ 'ಪುತ್ರ' ಅನ್ನುವುದು 'ಪುತರ' ಅಂತ ಹೋಗಿ, 400 ಪ್ರತಿ ಮತ್ತೆ ಅಚ್ಚು ಹಾಕಿಸಿಕೊಡಬೇಕಾಯ್ತು. ದುಡ್ಡಿಗಿಂತ ಹೆಚ್ಚಾಗಿ ಆ ಹುಡುಗನ ಅಪ್ಪ ಪತ್ರಿಕೆ ಹಿಡಿದು ಸುಮ್ನೆ ನಿಂತಿದ್ದು ಇವತ್ತಿಗೂ ನೆನಪಿದೆ. ಅವತ್ತು ನಿರ್ಧಾರ ಮಾಡಿದೆ, ಕೀ ಬಿತ್ತೋ ಇಲ್ಲವೋ ಅಂತ ಬೆರಳಿಗೇ ಗೊತ್ತಾಗುವಂಥ ಕೀಬೋರ್ಡ್ ಬೇಕು.

ಬೆರಳಿಗೆ ಗೊತ್ತಾಗುವುದು ಅಂದರೆ ಏನು ಅಂತ ನಾನು ಕಲಿತದ್ದು ಟೈಪ್‌ರೈಟರ್ ಮೇಲೆ. ಎಸ್ಸೆಸ್ಸೆಲ್ಸಿ ಆದಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಸೇರಿದ್ದೆ, ಜೂನಿಯರ್ ಪರೀಕ್ಷೆಗೆ. ಹಳೆಯ ಗೋದ್ರೆಜ್ ಯಂತ್ರ. ಕೀ ಒತ್ತುವುದಲ್ಲ ಅದು, ಹೊಡೆಯುವುದು. ಕಬ್ಬಿಣದ ಕಡ್ಡಿ ಎದ್ದು ಕಾಗದಕ್ಕೆ ಬಡಿದು ವಾಪಸ್ ಬರುವುದು ಬೆರಳ ತುದಿಗೆ ತಿಳಿಯುತ್ತಿತ್ತು. ನಮ್ಮ ಮಾಸ್ತರು ಕಾಗದ ನೋಡುತ್ತಿರಲಿಲ್ಲ, ಬೆನ್ನು ಮಾಡಿ ಕೂತು ಸದ್ದು ಕೇಳುತ್ತಿದ್ದರು. ತಾಳ ತಪ್ಪಿದರೆ ಅಲ್ಲಿಂದಲೇ "ಮತ್ತೆ ಹೊಡಿ" ಅನ್ನುತ್ತಿದ್ದರು. ಅಲ್ಲಿ ಶಿಫ್ಟ್ ಒತ್ತಿದರೆ ಯಂತ್ರದ ಒಂದು ಭಾಗವೇ ಜಾಗ ಬದಲಿಸುತ್ತಿತ್ತು, ಅಷ್ಟು ಭಾರ. ಕಿರುಬೆರಳಿನ ವಿಷಯ ನನಗೆ ಅಲ್ಲಿಂದಲೇ ಗೊತ್ತು.

ಆಮೇಲೆ ಮೊದಲ ಕೆಲಸ ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ. ಅಲ್ಲಿ ಟಿವಿಎಸ್ ಗೋಲ್ಡ್ ಇತ್ತು. ನಿಮಗೆ ನೆನಪಿರಬಹುದು, ಬಿಲ್ಲಿಂಗ್ ಕೌಂಟರ್‌ಗಳಲ್ಲಿ, ಆಫೀಸುಗಳಲ್ಲಿ ಚಟಚಟ ಅನ್ನುತ್ತಿದ್ದ ದಪ್ಪ ಕೀಬೋರ್ಡ್. ಮೆಕ್ಯಾನಿಕಲ್ ಅನ್ನುವ ಪದ ಈಗಿನಷ್ಟು ಕಿವಿಗೆ ಬೀಳದಿದ್ದ ಕಾಲದಲ್ಲೇ ನಮ್ಮ ಎಷ್ಟೋ ಟೈಪಿಸ್ಟರು ಅದರ ಮೇಲೆ ಕೆಲಸ ಮಾಡಿದ್ದಾರೆ. ಅದರೊಳಗೆ ಇದ್ದದ್ದು ಜರ್ಮನಿಯ ಚೆರಿ ಕಂಪನಿಯ ಬ್ಲೂ ಸ್ವಿಚ್. ನನಗೆ ಆ ಕೀಬೋರ್ಡ್ ಮೇಲೆ ಇವತ್ತಿಗೂ ಪ್ರೀತಿ ಇದೆ. ಟೈಪ್‌ರೈಟರ್ ಬಿಟ್ಟು ಬಂದವರಿಗೆ ಅದು ಹೊಸ ಮನೆಯಲ್ಲಿ ಹಳೆ ಹೊಸಿಲು ಸಿಕ್ಕ ಹಾಗೆ.

ಈಗ ಬಣ್ಣಗಳ ವಿಷಯ. ಈ ಬ್ಲೂ, ಬ್ರೌನ್, ರೆಡ್ ಹೆಸರುಗಳು ಚೆರಿಯವರವೇ, ಆಮೇಲೆ ಗ್ಯಾಟೆರಾನ್, ಕೈಲ್ ಥರದ ಚೀನಾ ಕಂಪನಿಗಳೂ ಅದೇ ಬಣ್ಣ ಇಟ್ಟುಕೊಂಡವು. ಮೂರರಲ್ಲೂ ಕೀ ಒಟ್ಟು ಸುಮಾರು 4 ಮಿಲಿಮೀಟರ್ ಇಳಿಯುತ್ತದೆ, ಆದರೆ ಅರ್ಧ ದಾರಿಯಲ್ಲೇ, ಸುಮಾರು 2 ಮಿಲಿಮೀಟರಿಗೇ ಅಕ್ಷರ ಬಿದ್ದುಬಿಡುತ್ತದೆ. ರಬ್ಬರ್ ಕೀಬೋರ್ಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಬ್ಲೂನಲ್ಲಿ ಆ ಅರ್ಧ ದಾರಿಯಲ್ಲಿ ಒಂದು ತಡೆ ಸಿಗುತ್ತದೆ, ಜೊತೆಗೆ ಟಿಕ್ ಅನ್ನುತ್ತದೆ. ಬ್ರೌನ್‌ನಲ್ಲಿ ತಡೆ ಮಾತ್ರ, ಅದೂ ಮೆತ್ತಗೆ, ಬೆರಳು ಸಣ್ಣ ಗುಬುಟು ದಾಟಿದ ಹಾಗೆ. ರೆಡ್‌ನಲ್ಲಿ ಏನೂ ಇಲ್ಲ, ಮೇಲಿಂದ ಕೆಳಗೆ ನುಣ್ಣಗೆ ಇಳಿಯುತ್ತದೆ. ಚೆರಿಯ ಲೆಕ್ಕದಲ್ಲಿ ರೆಡ್‌ಗೆ ಸುಮಾರು 45 ಗ್ರಾಂ ಭಾರ ಸಾಕು, ಬ್ಲೂಗೆ ಸುಮಾರು 60 ಬೇಕು. 15 ಗ್ರಾಂ ಏನು ಮಹಾ ಅನಿಸುತ್ತದೆ, ಅಲ್ವಾ? ದಿನಕ್ಕೆ ಇಪ್ಪತ್ತು ಮೂವತ್ತು ಸಾವಿರ ಸಲ ಒತ್ತುವವರಿಗೆ ಅದು ಸಂಜೆ ಹೊತ್ತಿಗೆ ಗೊತ್ತಾಗುತ್ತದೆ.

ಬ್ಲೂ ನಾನು ಬಿಟ್ಟಿದ್ದು ಮನೆಯಿಂದ ಕೆಲಸ ಶುರು ಮಾಡಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಪುಸ್ತಕದ ಕೆಲಸಕ್ಕೆ ಕೂತರೆ ಪಕ್ಕದ ಕೋಣೆಯಲ್ಲಿ ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಅವರು ಒಂದು ದಿನವೂ ಬೇಡ ಅನ್ನಲಿಲ್ಲ, ನನಗೇ ತಡೆಯಲಿಲ್ಲ. ಪೂರ್ತಿ ರೆಡ್ ಇರುವುದನ್ನು ತಂದೆ. ಹಗುರ, ಸದ್ದು ಕಡಿಮೆ, ಆದರೆ ಬೆರಳು ಸುಮ್ನೆ ಕೀ ಮೇಲೆ ಒರಗಿದರೂ ಅಕ್ಷರ ಬೀಳುತ್ತಿತ್ತು. ಗುಣಿತಾಕ್ಷರದ ಮಧ್ಯೆ ಒಂದು ಬೇಡದ ಅಕ್ಷರ ಬಿದ್ದರೆ ಅಳಿಸಿ ಮತ್ತೆ ಕಟ್ಟಬೇಕು, ಓಟ ಮುರಿಯುತ್ತದೆ. ಮೂರು ತಿಂಗಳು ಪ್ರಯತ್ನಪಟ್ಟೆ, ನನ್ನ ಕೈಗೆ ಅದು ಒಗ್ಗಲಿಲ್ಲ. ಟೈಪ್‌ರೈಟರ್ ಮೇಲೆ ಕಲಿಯದವರಿಗೆ ಅದೇ ಇಷ್ಟವಾಗಬಹುದು, ನನ್ನ ಹತ್ತಿರ ಕೆಲಸ ಕಲಿತ ಹುಡುಗಿಗೆ ರೆಡ್ ಬಿಟ್ಟು ಬೇರೆ ಬೇಡವೇ ಬೇಡ.

ಆಮೇಲೆ ಸಿಕ್ಕಿದ್ದು ಹಾಟ್‌ಸ್ವಾಪ್ ಕೀಬೋರ್ಡ್. ಅದರಲ್ಲಿ ಸ್ವಿಚ್‌ಗಳನ್ನು ಬೆಸುಗೆ ಹಾಕಿರುವುದಿಲ್ಲ, ಜೊತೆಗೆ ಕೊಡುವ ಚಿಮಟದಿಂದ ಎಳೆದು ತೆಗೆದು ಬೇರೆಯದನ್ನು ಕೂರಿಸಬಹುದು. ಎಲ್ಲ ಬ್ರೌನ್ ಇಟ್ಟೆ, ಎರಡು ಶಿಫ್ಟ್‌ಗೆ ಮಾತ್ರ ರೆಡ್ ಹಾಕಿದೆ. ಶಿಫ್ಟ್ ಅಕ್ಷರ ಅಲ್ಲವಲ್ಲ, ಅದು ಬಿತ್ತು ಅಂತ ತಿಳಿಸುವ ತಡೆ ಅಲ್ಲಿ ಬೇಕಿಲ್ಲ. ಅಲ್ಲಿ ಬೇಕಾದದ್ದು ಹಗುರವಾಗಿ ಇಳಿದು, ಹಿಡಿದಷ್ಟು ಹೊತ್ತು ಬೆರಳಿಗೆ ಜಗ್ಗದೆ ಇರುವುದು. ಎಫ್‌ಗೆ ಬ್ರೌನ್ ಇದ್ದೇ ಇದೆ, ಒತ್ತು ಬಿತ್ತಾ ಇಲ್ಲವಾ ಬೆರಳೇ ಹೇಳುತ್ತದೆ. ಹೀಗೆ ಮಾಡಿ ನಾಲ್ಕು ವರ್ಷ ಆಯ್ತು. ಈಗ ಕಿರುಬೆರಳಿನ ನೋವು ಇಲ್ಲ, ಆದರೆ ಅದೇ ಹೊತ್ತಿಗೆ ಗಂಟೆಗೊಮ್ಮೆ ಏಳುವ ಅಭ್ಯಾಸವನ್ನೂ ಶುರು ಮಾಡಿದೆ, ಅದನ್ನೂ ಹೇಳಬೇಕು.

ಕೊಳ್ಳುವಾಗ ಎಡಗಡೆ ಶಿಫ್ಟ್ ಉದ್ದ ನೋಡಿ. ಕೆಲವು ಕೀಬೋರ್ಡ್‌ಗಳಲ್ಲಿ, ಯುರೋಪಿನ ಮಾದರಿಯವು, ಎಡ ಶಿಫ್ಟ್ ಮೊಟಕಾಗಿದ್ದು ಪಕ್ಕದಲ್ಲಿ ಇನ್ನೊಂದು ಕೀ ತೂರಿಸಿರುತ್ತಾರೆ. ಕನ್ನಡಕ್ಕೆ ಅದು ಬೇಡ, ಕಿರುಬೆರಳು ಇನ್ನೂ ದೂರ ಚಾಚಬೇಕಾಗುತ್ತದೆ. ಮೆಕ್ಯಾನಿಕಲ್ ಕೀಬೋರ್ಡ್ ಎತ್ತರ ಜಾಸ್ತಿ, ಹಾಗಾಗಿ ಹಿಂದಿನ ಕಾಲು ಬಿಚ್ಚದೆ ಚಪ್ಪಟೆಯಾಗಿಯೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬಣ್ಣದ ಲೈಟಿಗೆ ದುಡ್ಡು ಹಾಕಬೇಡಿ.

ದುಡ್ಡು ಹಾಕುವ ಮೊದಲು ಬಿಟ್ಟಿಯಾಗಿ ಮಾಡಬಹುದಾದದ್ದೂ ಇದೆ. ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ. ಅದನ್ನು ಹಾಕಿಕೊಂಡರೆ ಶಿಫ್ಟ್ ಹಿಡಿದುಕೊಳ್ಳಬೇಕಿಲ್ಲ, ಒಮ್ಮೆ ತಟ್ಟಿ ಬಿಟ್ಟು ಆಮೇಲೆ ಅಕ್ಷರ ಒತ್ತಬಹುದು. ಇನ್ನೊಂದು ದಾರಿ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿಮಣೆ ವಿನ್ಯಾಸ. ಅದರಲ್ಲಿ ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಆ ಕಾರದ, ಈ ಕಾರದ ದೀರ್ಘಕ್ಕೆ ಶಿಫ್ಟ್ ಬೇಕಾಗುವುದಿಲ್ಲ, ಎರಡೂ ಕೈ ಒಂದಾದಮೇಲೊಂದು ನಡೆಯುತ್ತವೆ. ನಾನು ಕಲಿಯಲು ಕೂತಿದ್ದೆ, ಬೆರಳಿಗೆ ಹಿತವಾಗಿಯೇ ಇತ್ತು, ಆದರೆ ಇಷ್ಟು ವರ್ಷ ಕೂಡಿದ ವೇಗ ಬಿಟ್ಟುಕೊಡಲು ಕೆಲಸದ ಒತ್ತಡದಲ್ಲಿ ಆಗಲಿಲ್ಲ. ನೀವು ನುಡಿಗೆ ಹೊಸಬರಾಗಿದ್ದರೆ ಈಗಲೇ ಒಂದು ಕೈ ನೋಡಿ.

ಕೊಳ್ಳುವುದೇ ಆದರೆ ದಯವಿಟ್ಟು ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಬೆಂಗಳೂರಿಗೆ ಹೋಗುವುದಿದ್ದರೆ ಎಸ್. ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿಯಿರಿ, ನಿಮ್ಮೂರಲ್ಲೇ ಆದರೆ ಬಿಚ್ಚಿಟ್ಟಿರುವ ಕೀಬೋರ್ಡ್ ಕೇಳಿ. ಕಂಪ್ಯೂಟರಿಗೆ ಜೋಡಿಸದಿದ್ದರೂ ಪರವಾಗಿಲ್ಲ. ಕಣ್ಣು ಮುಚ್ಚಿ 'ಬೆಂಗಳೂರು', 'ಮಕ್ಕಳು', 'ಪುಸ್ತಕಗಳನ್ನು' ಅಂತ ಒಂದೊಂದೂ ಇಪ್ಪತ್ತು ಸಲ ಹೊಡೆಯಿರಿ. ಶಿಫ್ಟ್‌ನ ಮಧ್ಯಕ್ಕೆ ಮಾತ್ರ ಒತ್ತಬೇಡಿ, ನಿಮ್ಮ ಬೆರಳು ನಿಜವಾಗಿ ಬೀಳುವ ತುದಿಗೆ ಒತ್ತಿ ನೋಡಿ, ಅಲ್ಲಿ ಓರೆಯಾಗಿ ಸಿಕ್ಕಿಕೊಂಡರೆ ಅದು ಬೇಡ. ಯಾವುದು ಹಿಡಿಸಿತು, ಶಿಫ್ಟ್ ಹೇಗಿತ್ತು ಅಂತ ಬಂದು ಬರೆಯಿರಿ, ಬ್ರೌನ್‌ನಲ್ಲಿ ನನಗೆ ಅನಿಸಿದ್ದು ನಿಮಗೂ ಹಾಗೇ ಅನಿಸುತ್ತದಾ ತಿಳಿದುಕೊಳ್ಳುವ ಆಸೆ ಇದೆ.