ಪಿಲಿ ಅಂದರೆ ಕೆಟ್ಟುಹೋದ ಹುಲಿ ಅಲ್ಲ

ಎಲ್ಲರೆದುರು ಹೇಳಿದ ಮಾತನ್ನು ಎಲ್ಲರೆದುರೇ ವಾಪಸ್ ತಗೊಂಡಿದ್ದೀರಾ, ಹೇಗಿತ್ತು ಅಂತ ಕೇಳಿದ್ದೀರಿ. ತಗೊಂಡಿದ್ದೇನೆ. ಗಂಟಲು ಒಣಗಿತ್ತು.

ನಾನು ಘಟ್ಟದ ಮೇಲಿನವನು, ಉಡುಪಿಯಲ್ಲಿ ಕನ್ನಡ ಮೇಷ್ಟ್ರು. 2018ರ ರಾಜ್ಯೋತ್ಸವದ ಸಭೆಯಲ್ಲಿ ಮೈಕ್ ಸಿಕ್ಕಿತು. ‘ತುಳು ಅಂದರೆ ಕನ್ನಡದ್ದೇ ಒಂದು ಉಪಭಾಷೆ, ಅದಕ್ಕೆ ಲಿಪಿಯೂ ಇಲ್ಲ’ ಅಂದುಬಿಟ್ಟೆ. ಚಪ್ಪಾಳೆಯೂ ಬಿತ್ತು.

ಆಮೇಲೆ ಸಜ್ಜಿಗೆ-ಬಜಿಲ್ ತಿನ್ನುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದಳು. ‘ಸರ್, ಹಾಗಾದ್ರೆ ನಾವು ಪಿಲಿ ಅಂತ ಹೇಳುದು ಹುಲಿ ಕೆಟ್ಟು ಆದದ್ದಾ?’ ಹೌದು ಅನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಪಂಪನ ಕಾಲದ ಕನ್ನಡದಲ್ಲಿ ಹುಲಿ ‘ಪುಲಿ’, ಹೊಸದು ‘ಪೊಸತು’. ಇದನ್ನು ಕ್ಲಾಸಿನಲ್ಲಿ ಹೇಳಿಕೊಡುವವನು ನಾನೇ! ಪಕಾರ ಬಿಟ್ಟು ಹಕಾರ ಹಿಡಿದದ್ದು ಕನ್ನಡ. ತುಳು ಹಳೆಯದನ್ನೇ ಇಟ್ಟುಕೊಂಡಿದೆ.

ಆಮೇಲೆ ಲೈಬ್ರರಿಗೆ ಹೋಗಿ ಕೂತೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ತುಳು ನಿಘಂಟೇ ಆರು ಸಂಪುಟ ಇದೆ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲೇ ತುಳುವನ್ನು ಬೇರೆ ದ್ರಾವಿಡ ಭಾಷೆಯಾಗಿ ಎಣಿಸಿದ್ದರು. ಲಿಪಿಯೂ ಇತ್ತು, ತಾಳೆಗರಿಗಳಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ತುಳು ಪುಸ್ತಕಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ ಮೇಲೆ ಅದು ಜನರ ಕಣ್ಣಿಂದ ಮರೆಯಾಯಿತು. (2024ರಲ್ಲಿ ತುಳು-ತಿಗಳಾರಿ ಅಂತ ಯೂನಿಕೋಡ್‌ಗೂ ಸೇರಿತು.) ಅದೂ ಬಿಡಿ, ಇಲ್ಲಿನವರು ಕೊಂಕಣಿಯನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಅಷ್ಟಕ್ಕೇ ಅದು ಕನ್ನಡ ಆಯಿತಾ?

ಮರುವರ್ಷ ಅದೇ ಸಭೆಯಲ್ಲಿ ಐದು ನಿಮಿಷ ಕೇಳಿಕೊಂಡೆ. ಚೀಟಿಯಲ್ಲಿ ಮೊದಲು ಬರೆದದ್ದು ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ’ ಅಂತ. ಓದಿ ನೋಡಿದರೆ ನನಗೇ ಕಳ್ಳಾಟ ಅನಿಸಿತು. ವಿಷಯ ನೋವಿನದ್ದಲ್ಲ, ನಾನು ಹೇಳಿದ್ದೇ ತಪ್ಪು. ಹರಿದು ಹಾಕಿದೆ. ‘ಹೋದ ವರ್ಷ ಇಲ್ಲೇ ನಿಂತು ಎರಡು ತಪ್ಪು ಹೇಳಿದ್ದೆ, ಎರಡೂ ವಾಪಸ್’ ಅಂತ ಶುರು ಮಾಡಿ, ಪಿಲಿ ಕತೆ ಹೇಳಿ ಇಳಿದೆ. ಅರ್ಧ ಜನಕ್ಕೆ ಹಿಂದಿನ ಭಾಷಣ ನೆನಪೇ ಇರಲಿಲ್ಲ. ನಾನೊಬ್ಬನೇ ವರ್ಷವಿಡೀ ಹೊತ್ತುಕೊಂಡು ತಿರುಗಿದ್ದು!

ಕೆಳಗೆ ಬಂದಾಗ, ಹಿಂದಿನ ಸಲ ಜೋರಾಗಿ ಚಪ್ಪಾಳೆ ಹೊಡೆದಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು. ‘ಎಂಥ ಮೇಷ್ಟ್ರೇ, ಯಾರಾದ್ರೂ ಗಲಾಟೆ ಮಾಡಿದ್ರಾ?’

ಇಲ್ಲ, ನಿಘಂಟು ನೋಡಿದೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.